ಇನಿಷಿಯಲ್ಲಿನ ಇಬ್ಬರು

ಕರ್ನಾಟಕದಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ, ಅಂದರೆ ಹತ್ತನೆಯ ತರಗತಿ ದಾಟಿದವರ ಓದಿಗೆ ಸರ್ಕಾರ ಕೊಡುವ ನೆರವಿಗೆ, ಎಸ್‌ಎಸ್‌ಪಿ ಎಂಬ ಜಾಲತಾಣದಲ್ಲಿ ಅರ್ಜಿ ಹಾಕಬೇಕಾಗಿರುವುದರಿಂದ, ಬಡತನವನ್ನು ಅನುಭವಿಸಿದರಷ್ಟೇ ಸಾಲದು, ಅದನ್ನು ಅಪ್‌ಲೋಡ್ ಮಾಡಲೂ ಬರಬೇಕು. ಪರಿಶಿಷ್ಟ ಜಾತಿಯವರಿಗಿರುವ ಕೇಂದ್ರದ ಯೋಜನೆಯಲ್ಲಿ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರುವಂತಿಲ್ಲ. ತಾಳ್ಮೆಗೆ ಮಾತ್ರ ಅಂಥ ಮಿತಿಯಿಲ್ಲ.

ಕಾಲೇಜಿನ ಕಿಟಕಿಯಲ್ಲಿ ಗುಮಾಸ್ತರು ಆರ್‌ಡಿ ನಂಬರ್ ಕೇಳಿದಾಗ, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆ ಸಂಖ್ಯೆಯನ್ನು ವಿದ್ಯಾರ್ಥಿನಿ ತೋರಿಸುತ್ತಾಳೆ.

"ಅಂಕಪಟ್ಟಿಯಲ್ಲಿ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಇಲ್ಲ. ಈ ಇಬ್ಬರಲ್ಲಿ ನೀನು ಯಾರಮ್ಮ?"

"ಇಬ್ಬರೂ ನಾನೇ ಸಾರ್."

"ನಾನು ಒಪ್ಪುತ್ತೇನೆ, ಸಿಸ್ಟಮ್ ಒಪ್ಪಬೇಕಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯೇ?"

"ಲಿಂಕ್ ಆಗಿದೆ ಸಾರ್."

"ಲಿಂಕ್ ಬೇರೆ, ಸೀಡಿಂಗ್ ಬೇರೆ."

ಗುಮಾಸ್ತರ ಈ ಮಾತು ಅದ್ವೈತ ದ್ವೈತಗಳ ವಾದದಂತೆ ಕೇಳಿಸಿದರೂ ಅಕ್ಷರಶಃ ನಿಜ. ಖಾತೆಗೆ ಆಧಾರ್ ಸಂಖ್ಯೆ ಸೇರಿಸುವುದು ಲಿಂಕ್. ಆ ಸಂಖ್ಯೆಗೆ ಬರುವ ಸರ್ಕಾರಿ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ಎನ್‌ಪಿಸಿಐ ಎಂಬ ಪಾವತಿ ನಿಗಮದ ಕಡತದಲ್ಲಿ ದಾಖಲಾಗುವುದು ಸೀಡಿಂಗ್.

"ಹಾಗಾದರೆ ನನ್ನ ದುಡ್ಡು?"

"ಕೊನೆಗೆ ಯಾವ ಬ್ಯಾಂಕಿನಲ್ಲಿ ಸೀಡಿಂಗ್ ಆಗಿದೆಯೋ ಅಲ್ಲಿಗೆ."

ಹುಡುಗಿ ಎಂದೋ ತೆರೆದು ಮರೆತ ಖಾತೆಯೊಂದನ್ನು ನೆನಪಿಸಿಕೊಳ್ಳುವಷ್ಟರಲ್ಲಿ ಗುಮಾಸ್ತರು ಊಟಕ್ಕೆ ಏಳುತ್ತಾರೆ. ಅರ್ಜಿ ಹಾಕುವವರು ಅದಕ್ಕೆ ಮೊದಲೇ ಪಾಸ್‌ಪುಸ್ತಕ ಹಿಡಿದು ಬ್ಯಾಂಕಿಗೆ ಹೋಗಿ, ಲಿಂಕ್ ಅಲ್ಲ, ಸೀಡಿಂಗ್ ಆಗಿದೆಯೇ ಎಂದೇ ಕೇಳತಕ್ಕದ್ದು.