ಕೂಟಪತ್ರ ಮೀಮಾಂಸೆ: ಹಳೆಯ ಬೇಸ್‌ಬಾಲ್ ಕಾರ್ಡುಗಳ ಖೋಟಾತನ ನಿರ್ಣಯಕ್ಕೊಂದು ಶಾಸ್ತ್ರೀಯ ಪ್ರವೇಶಿಕೆ

ಅಮೆರಿಕದಲ್ಲಿ ಮೊದಲು ಸಿಗರೇಟಿನ ಪೊಟ್ಟಣದೊಳಗೆ, ಆಮೇಲೆ ಚೂಯಿಂಗ್ ಗಮ್ಮಿನ ಜೊತೆಗೆ ಬರುತ್ತಿದ್ದ, ಬೇಸ್‌ಬಾಲ್ ಆಟಗಾರರ ಚಿತ್ರವುಳ್ಳ ರಟ್ಟಿನ ತುಣುಕುಗಳ ಸಾಚಾತನವನ್ನು ನಿರ್ಣಯಿಸುವ ಮಾರ್ಗವನ್ನು ಪ್ರತಿಪಾದಿಸುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶವಾಗಿರುತ್ತದೆ. ಈ ಕ್ಷೇತ್ರದಲ್ಲಿ ಈವರೆಗೆ ನಡೆದಿರುವ ಅಧ್ಯಯನಗಳೆಲ್ಲ ಬಿಡಿಬಿಡಿಯಾಗಿದ್ದು, ಅವುಗಳಿಗೊಂದು ತಾತ್ವಿಕ ನೆಲೆಗಟ್ಟು ಒದಗಿಲ್ಲವೆಂಬ ಕೊರಗು ವಿದ್ವತ್ ವಲಯದಲ್ಲಿ ಬಹುಕಾಲದಿಂದ ಇದೆ. ಇಲ್ಲದಿದ್ದರೂ ಇದೆಯೆಂದು ಬರೆಯುವುದು ಪದ್ಧತಿ. ಕೊರಗಿಲ್ಲದ ಪ್ರಬಂಧಕ್ಕೆ ಪದವಿ ಸಿಕ್ಕ ಉದಾಹರಣೆ ನಮ್ಮಲ್ಲಿಲ್ಲ.

ಪರಂಪರೆಯೊಂದನ್ನು ತೋರಿಸದೆ ಮುಂದೆ ಹೋಗುವಂತಿಲ್ಲವಾದ್ದರಿಂದ ತೋರಿಸುತ್ತೇನೆ. ಗಂಗರ ತಾಮ್ರಶಾಸನಗಳು ಕೂಟ, ಅಂದರೆ ಖೋಟಾ, ಎಂದು ಫ್ಲೀಟರೂ, ಅಲ್ಲವೆಂದು ರೈಸರೂ ಜಗಳ ಕಾಯ್ದದ್ದು ಕನ್ನಡ ಓದುಗರಿಗೆ ಗೊತ್ತು. ಆ ತಾಮ್ರಪಟಗಳ ಜಾಗದಲ್ಲಿ ರಟ್ಟನ್ನೂ, ಗಂಗರ ಜಾಗದಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡವನ್ನೂ ಇಟ್ಟುಕೊಂಡರೆ ಪ್ರಸ್ತುತ ಶಾಸ್ತ್ರದ ಸ್ಥೂಲ ಪರಿಚಯವಾಯಿತು. ವ್ಯತ್ಯಾಸವಿಷ್ಟೇ: ಶಾಸನ ಕೂಟವಾದರೆ ಒಂದು ರಾಜವಂಶದ ಕಾಲ ಅತ್ತಿತ್ತ ಆಗುತ್ತದೆ, ಕಾರ್ಡು ಕೂಟವಾದರೆ ಒಬ್ಬ ದಂತವೈದ್ಯನ ಮನೆ ಹರಾಜಾಗುತ್ತದೆ.

ಇಲ್ಲಿ ಪೂರ್ವಪಕ್ಷಿಯೊಬ್ಬ ಎದ್ದುನಿಂತು, ‘ಎಷ್ಟೆಂದರೂ ರಟ್ಟಲ್ಲವೇ ಸ್ವಾಮಿ’ ಎನ್ನುತ್ತಾನೆ. ಅವನನ್ನು ಕೂರಿಸಲು ಎರಡು ಅಂಕಿ ಸಾಕು. ಟಾಪ್ಸ್ ಕಂಪನಿಯವರು 1952ರಲ್ಲಿ ಗಮ್ಮಿನ ಜೊತೆ ಮಾರಿದ ಮಿಕಿ ಮ್ಯಾಂಟಲ್‌ನ ಕಾರ್ಡೊಂದು 2022ರ ಆಗಸ್ಟಿನಲ್ಲಿ ಒಂದು ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಅದೇ ತಿಂಗಳು ಪೈರೇಟ್ಸ್ ತಂಡದ ಹೋನಸ್ ವ್ಯಾಗ್ನರನ ಕಾರ್ಡೊಂದು 72 ಲಕ್ಷ 50 ಸಾವಿರಕ್ಕೆ ಕೈ ಬದಲಾಯಿಸಿತು. ಮೊದಲನೆಯದರ ಒಡಹುಟ್ಟಿದವುಗಳನ್ನು ಪೆಟ್ಟಿಗೆಗಟ್ಟಲೆ ದೋಣಿಗೆ ಹೇರಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದೆನೆಂದು, ಆ ಕಾರ್ಡನ್ನು ರೂಪಿಸಿದ ಸೈ ಬರ್ಗರನೇ ಹೇಳಿಕೊಂಡಿದ್ದಾನೆ. 1960ರಲ್ಲಿ ಗೋದಾಮಿನಲ್ಲಿ ಜಾಗವಿರಲಿಲ್ಲವಂತೆ. ಪೂರ್ವಪಕ್ಷಿ ಕೂತ.

ಇನ್ನು ಪ್ರಮಾಣ ವಿಚಾರ. ಕೂಟಪತ್ರ ನಿರ್ಣಯಕ್ಕೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳುಂಟು. ಪ್ರತ್ಯಕ್ಷಕ್ಕೆ ಬೇಕಾದ ಮೊದಲ ಉಪಕರಣ ಭೂತಗನ್ನಡಿ. ಹತ್ತು ಪಟ್ಟು ದೊಡ್ಡದು ಮಾಡುವುದಾದರೆ ಸಾಕು, ಶಾಸ್ತ್ರಕಾರನ ಅಹಂಕಾರವನ್ನು ಅದೇ ಪ್ರಮಾಣದಲ್ಲಿ ಹೆಚ್ಚಿಸುತ್ತದೆ. ಇದರಿಂದ ನೋಡಬೇಕಾದದ್ದು ಆಟಗಾರನ ಮುಖವನ್ನಲ್ಲ, ಅವನ ಹೆಸರಿನ ಅಕ್ಷರಗಳನ್ನು. ಅಸಲಿಯಲ್ಲಿ ಅಕ್ಷರಕ್ಕೆಂದೇ ಒಂದು ಶಾಯಿ, ಒಂದು ಅಚ್ಚು; ಗೆರೆ ಗಟ್ಟಿಯಾಗಿ, ಅಂಚು ಕಡಿಯದೆ ಇರುತ್ತದೆ. ನಕಲು ಮಾಡುವವನು ಇಡೀ ಕಾರ್ಡನ್ನು ಫೋಟೋ ಹಿಡಿದು ನಾಲ್ಕು ಬಣ್ಣದ ಚುಕ್ಕಿಗಳಲ್ಲಿ ಮುದ್ರಿಸುತ್ತಾನೆ. ಹಾಗಾಗಿ ಅವನ ಕಾರ್ಡಿನಲ್ಲಿ ಮೂಗೂ ಚುಕ್ಕಿ, ಮೀಸೆಯೂ ಚುಕ್ಕಿ, ಅಕ್ಷರವೂ ಚುಕ್ಕಿ. ಈ ಒಂದು ಪರೀಕ್ಷೆಗೇ ಮುಕ್ಕಾಲು ಪಾಲು ನಕಲಿಗಳು ನೆಲಕಚ್ಚುತ್ತವೆಂದು ನನ್ನ ಎಣಿಕೆ. ಇಷ್ಟನ್ನು ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆದು ಮುಗಿಸಬಹುದಿತ್ತು. ಆದರೆ ಶಾಸ್ತ್ರ ಪೋಸ್ಟ್‌ಕಾರ್ಡಿನಲ್ಲಿ ಹುಟ್ಟುವುದಿಲ್ಲ.

ಎರಡನೆಯ ಉಪಕರಣ ನೇರಳಾತೀತ ದೀಪ. ಕಾಗದವನ್ನು ಬೆಳ್ಳಗೆ ಹೊಳೆಯುವಂತೆ ಮಾಡುವ ರಾಸಾಯನಿಕಗಳು ಕಾಗದದ ಗಿರಣಿಗೆ ಬಂದದ್ದು ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ. 1910ರದೆಂದು ಹೇಳಿಕೊಳ್ಳುವ ಕಾರ್ಡು ಕತ್ತಲಲ್ಲಿ ಈ ದೀಪದ ಕೆಳಗೆ ನೀಲಿಬಿಳಿಯಾಗಿ ಮಿನುಗಿದರೆ ಅದರ ಜಾತಕ ಸುಳ್ಳು. ಮಿನುಗದಿದ್ದರೆ? ಆಗ ಅದು ಅಸಲಿಯಾಗಿರಬಹುದು, ಇಲ್ಲವೇ ಖೋಟಾಗಾರನು ಹಳೆಯ ಪುಸ್ತಕವೊಂದರ ಕೊನೆಯ ಖಾಲಿ ಹಾಳೆಯನ್ನು ಹರಿದುಕೊಂಡಿರಬಹುದು. ಮೂರನೆಯದು ಅಳತೆಪಟ್ಟಿ. ಟಾಪ್ಸ್ ಕಂಪನಿಯೇ 1983ರಲ್ಲಿ ತನ್ನ 1952ರ ಮಾಲೆಯನ್ನು ಮರುಮುದ್ರಿಸಿತು. ಮೂಲದ ಕಾರ್ಡು ಎತ್ತರದಲ್ಲಿ ಮೂರೂಮುಕ್ಕಾಲು ಇಂಚು, ಮರುಮುದ್ರಣದ್ದು ಮೂರೂವರೆ. ಕಾಲಿಂಚಿನ ಈ ಅಂತರವನ್ನು ನೋಡದೆ ಮೋಸಹೋಗುವವನಿಗೆ ಮೀಮಾಂಸೆಯಿಂದ ಉಪಯೋಗವಿಲ್ಲ, ಚಾಳೀಸಿನಿಂದ ಇದೆ.

ಅನುಮಾನ ಪ್ರಮಾಣ ಇದಕ್ಕಿಂತ ಸ್ವಾರಸ್ಯದ್ದು. ‘ಎಲ್ಲೆಲ್ಲಿ ಕಾಗುಣಿತದೋಷವೋ ಅಲ್ಲಲ್ಲಿ ಖೋಟಾತನ’ ಎಂಬ ವ್ಯಾಪ್ತಿಯನ್ನು ಹೊಸ ಶಾಸ್ತ್ರಿಗಳು ಬೆಳಗ್ಗೆ ಎದ್ದು ಪಠಿಸುತ್ತಾರೆ. ಈಗ ಅಮೆರಿಕನ್ ಟೊಬ್ಯಾಕೋ ಕಂಪನಿಯವರು 1909ರಿಂದ 1911ರವರೆಗೆ ಹೊರತಂದ, ಟಿ-206 ಎಂಬ ಹೆಸರಿನ ಮಾಲೆಯ ವ್ಯಾಗ್ನರ್ ಕಾರ್ಡನ್ನೇ ನೋಡಿ. ಅಂಗಿಯ ಎದೆಯ ಮೇಲೆ ಪಿಟ್ಸ್‌ಬರ್ಗ್ ಎಂದಿದೆ, ಆದರೆ ಕೊನೆಯ ‘ಎಚ್’ ಅಕ್ಷರವಿಲ್ಲ. ಸಿಕ್ಕಿಬಿದ್ದ ಕಳ್ಳ ಎಂದು ಶಾಸ್ತ್ರಿ ಕುಣಿಯುತ್ತಾನೆ. ಕುಣಿತ ನಿಲ್ಲಿಸಬೇಕು, 1891ರಿಂದ 1911ರವರೆಗೆ ಅಮೆರಿಕ ಸರ್ಕಾರದ ಭೂನಾಮ ಮಂಡಳಿಯೇ ಆ ಊರಿನ ‘ಎಚ್’ ಕಿತ್ತುಹಾಕಿತ್ತು. ‘ಎಚ್’ ಇದ್ದಿದ್ದರೆ ಅದೇ ಖೋಟಾ ಆಗುತ್ತಿತ್ತು. ಅದೇ ಮಾಲೆಯಲ್ಲಿ ಶೆರಿ ಮಗೀ ಎಂಬ ಆಟಗಾರನ ಹೆಸರನ್ನು ಮೊದಲ ಮುದ್ರಣದಲ್ಲಿ ನಿಜವಾಗಿಯೂ ತಪ್ಪಾಗಿ ಅಚ್ಚುಹಾಕಿ ಆಮೇಲೆ ತಿದ್ದಿದರು. ಇಂದು ತಿದ್ದಿದ ಕಾರ್ಡನ್ನು ಕೇಳುವವರಿಲ್ಲ, ತಪ್ಪಿದ ಕಾರ್ಡಿಗೆ ಕಾಣಿಕೆಯ ಸಾಲು. ಕರಡು ತಿದ್ದುವವರ ಸಂಘಗಳು ಇದನ್ನು ಗಮನಿಸಬೇಕೆಂದು ವಿನಂತಿ.

ಉಪಮಾನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅದೇ ಮಾಲೆಯ ಅಗ್ಗದ ಅಸಲಿ ಕಾರ್ಡೊಂದನ್ನು ಪಕ್ಕದಲ್ಲಿಟ್ಟುಕೊಂಡು ದಪ್ಪ, ಬಣ್ಣ, ಹೊಳಪು, ಬೆನ್ನಿನ ಜಾಹೀರಾತು ಇವನ್ನು ಹೋಲಿಸಿ ನೋಡುವುದು. ನಾಲ್ಕರಲ್ಲಿ ನಿಜಕ್ಕೂ ಕೆಲಸಕ್ಕೆ ಬರುವುದು ಇದೇ. ಆದ್ದರಿಂದ ಇದರ ಮೇಲೆ ಯಾರೂ ಪ್ರಬಂಧ ಬರೆದಿಲ್ಲ.

ಶಬ್ದಪ್ರಮಾಣಕ್ಕೆ ಮುಂಚೆ ಕೂಟಭೇದಗಳನ್ನು ನಿರೂಪಿಸಬೇಕು. ಕೂಟಪತ್ರಗಳು ಪಂಚವಿಧ, ಒಂದೊಂದರಲ್ಲೂ ಉತ್ತಮ, ಮಧ್ಯಮ, ಅಧಮವೆಂದು ಮೂರು, ಅವುಗಳಲ್ಲಿ ಸಲಾಂಛನ, ನಿರ್ಲಾಂಛನವೆಂದು ಎರಡೆರಡು, ಒಟ್ಟು ಮೂವತ್ತು. ಮೊದಲನೆಯದು ಸಾಧುಕೂಟ. ಇದು ಹುಟ್ಟಿನಿಂದ ಪ್ರಾಮಾಣಿಕ ಮರುಮುದ್ರಣ. ಬೆನ್ನಿನ ಮೇಲೆ ‘ಮರುಮುದ್ರಣ’ವೆಂದೇ ಬರೆದುಕೊಂಡು ಬಂದದ್ದು. ಯಾವನೋ ಆ ಒಂದು ಮಾತನ್ನು ಮರಳುಕಾಗದದಿಂದ ಉಜ್ಜಿ ತೆಗೆದ. ಅಂದಿನಿಂದ ಅದು ದುಷ್ಟರ ಸಹವಾಸಕ್ಕೆ ಬಿತ್ತು. ಉಜ್ಜಿದ ಜಾಗ ತೆಳುವಾಗಿರುವುದರಿಂದ ದೀಪಕ್ಕೆ ಹಿಡಿದರೆ ಬೆಳಕು ಅಲ್ಲೇ ತೂರುತ್ತದೆ. ಎರಡನೆಯದು ಕಷಾಯಕೂಟ. ಹೊಸ ರಟ್ಟನ್ನು ಚಹಾದಲ್ಲೋ ಕಾಫಿಯಲ್ಲೋ ಅದ್ದಿ ಒಣಗಿಸಿ, ಮೂಲೆಗಳನ್ನು ಉಜ್ಜಿ ಮೊಂಡು ಮಾಡಿ, ನೂರು ವರ್ಷದ ಮುಪ್ಪನ್ನು ಒಂದು ಮಧ್ಯಾಹ್ನದಲ್ಲಿ ತರುವ ವಿಧಾನ. ಇದರ ಪತ್ತೆಗೆ ಮೂಗು ಸಾಕು. ನಿಜವಾದ ಕಂದು ಕಾಗದದ ಒಳಗಿನಿಂದ, ಅಂಚಿನಿಂದ ಬರುತ್ತದೆ. ಕಷಾಯದ ಕಂದು ಎಲ್ಲ ಕಡೆ ಒಂದೇ ಸಮ, ಜೊತೆಗೆ ಹೋಟೆಲಿನ ವಾಸನೆ. ಕಷಾಯಕೂಟದ ಕರ್ತೃಗಳ ಬಗ್ಗೆ ನನಗೆ ಸ್ವಲ್ಪ ಕನಿಕರವೇ ಇದೆ. ಅಡುಗೆಮನೆಯಲ್ಲಿ ನಿಂತು ದುಡಿದವರು ಅವರು.

ಮೂರನೆಯದು ಕರ್ತನಕೂಟ. ರಟ್ಟು ಅಸಲಿ, ಶಾಯಿ ಅಸಲಿ, ಕಾಲ ಅಸಲಿ. ಸವೆದ ಅಂಚನ್ನು ಮಾತ್ರ ಹರಿತವಾದ ಅಲಗಿನಿಂದ ಕೂದಲೆಳೆಯಷ್ಟು ಕತ್ತರಿಸಿ ಹೊಸದರಂತೆ ಮಾಡಿದ್ದು. ಭೂತಗನ್ನಡಿಗೆ ಇಲ್ಲಿ ಚುಕ್ಕಿ ಸಿಗುವುದಿಲ್ಲ, ನೇರಳೆ ದೀಪಕ್ಕೆ ಮಿನುಗು ಸಿಗುವುದಿಲ್ಲ. ಇಂಥ ಕಡೆ ಶಬ್ದಪ್ರಮಾಣವೇ ಗತಿ. ಶಬ್ದವೆಂದರೆ ಆಪ್ತವಾಕ್ಯ, ಆಪ್ತನೆಂದರೆ ಕಂಡದ್ದನ್ನು ಕಂಡಂತೆ ಹೇಳುವವನು. ಈ ಶಾಸ್ತ್ರದಲ್ಲಿ ಆಪ್ತರೆಂದರೆ ಗ್ರೇಡಿಂಗ್ ಕಂಪನಿಗಳು. ಕಾರ್ಡನ್ನು ಪರೀಕ್ಷಿಸಿ, ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಹರು ಹಾಕಿ ಕಳಿಸುತ್ತಾರೆ. ಶುಲ್ಕ ಕೊಡುವವನು ಕಾರ್ಡಿನ ಒಡೆಯ. ಹೆಚ್ಚು ಅಂಕ ಬೇಕಾದವನೂ ಅವನೇ.

ಪಿಎಸ್‌ಎ ಎಂಬ ಕಂಪನಿ 1991ರಲ್ಲಿ ಶುರುವಾದಾಗ ಅದರ ಕೈಯಿಂದ ಡಬ್ಬಿಯೊಳಗೆ ಹೋದ ಮೊದಲ ಕಾರ್ಡು ಒಂದು ವ್ಯಾಗ್ನರ್. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ, ಅವನ ತಂಡದ ಮಾಲೀಕ ಬ್ರೂಸ್ ಮ್ಯಾಕ್‌ನಾಲ್ ಸೇರಿ ಆ ವರ್ಷ ಸೋದಬೀಸ್ ಹರಾಜಿನಲ್ಲಿ 4 ಲಕ್ಷ 51 ಸಾವಿರ ಡಾಲರಿಗೆ ಕೊಂಡದ್ದು ಅದು. ಗೊತ್ತಿರುವ ವ್ಯಾಗ್ನರ್ ಕಾರ್ಡುಗಳೇ ಅರವತ್ತರ ಆಸುಪಾಸು. ಹೆಚ್ಚಿನವು ಮೂಲೆ ಸವೆದವು, ಮಡಿಚಿದವು, ಕಲೆಯಾದವು. ಇದೊಂದು ಮಾತ್ರ ಚೂಪು ಮೂಲೆಗಳ ಸುಂದರಾಂಗ. ಎಂಟು ಅಂಕ ಬಿತ್ತು. 2007ರ ಹೊತ್ತಿಗೆ ಬೆಲೆ 28 ಲಕ್ಷ ಡಾಲರಿಗೆ ಏರಿತ್ತು. ಅಂಚು ಕತ್ತರಿಸಿದ್ದೆಂಬ ಪಿಸುಮಾತು ವ್ಯಾಪಾರಿಗಳ ನಡುವೆ ವರ್ಷಗಳಿಂದ ಓಡಾಡುತ್ತಿತ್ತು. ಕೊನೆಗೆ 2013ರಲ್ಲಿ ಬಿಲ್ ಮ್ಯಾಸ್ಟ್ರೋ ಎಂಬಾತ ಶಿಕಾಗೋದ ಫೆಡರಲ್ ನ್ಯಾಯಾಲಯದಲ್ಲಿ ವಂಚನೆಯ ತಪ್ಪೊಪ್ಪಿಕೊಂಡ; ಆ ಕಾರ್ಡಿನ ಅಂಚನ್ನು ಕತ್ತರಿಸಿದ್ದು ತಾನೇ ಎಂಬುದನ್ನೂ ಒಪ್ಪಿಕೊಂಡ. 2015ರಲ್ಲಿ 20 ತಿಂಗಳ ಸೆರೆಯಾಯಿತು. ಯಾರು ಈ ಮ್ಯಾಸ್ಟ್ರೋ? ಅಡುಗೆಮನೆಯ ಕಷಾಯಗಾರನಲ್ಲ. ಕ್ರೀಡಾವಸ್ತುಗಳ ಹರಾಜಿನಲ್ಲಿ ಅಮೆರಿಕಕ್ಕೇ ದೊಡ್ಡವ, ಇಂಥದ್ದು ಅಸಲಿ, ಇಂಥದ್ದಲ್ಲ ಎಂದು ಇಡೀ ವ್ಯಾಪಾರಕ್ಕೆ ತೀರ್ಪು ಕೊಡುತ್ತಿದ್ದವ.

ನಾಲ್ಕನೆಯ ಲೇಪನಕೂಟ, ಐದನೆಯ ಕವಚಕೂಟ, ಅವುಗಳ ಉತ್ತಮ ಮಧ್ಯಮ ಅಧಮಗಳು ಇಲ್ಲಿಗೆ ಸಾಕು. ಬಣ್ಣ ಬಳಿದ ಮೂಲೆಗಳೂ ಉಂಟು, ಡಬ್ಬಿಯನ್ನೇ ನಕಲು ಮಾಡಿದವರೂ ಉಂಟು, ಬೇಕಾದವರು ಹುಡುಕಿಕೊಳ್ಳಲಿ. ನಮಗೆ ಕೊಟ್ಟ ಶಾಸ್ತ್ರವೆಲ್ಲ ಬಡಕಳ್ಳನನ್ನು ಹಿಡಿಯುವ ಶಾಸ್ತ್ರ. ಭೂತಗನ್ನಡಿ ಕೈಯಲ್ಲಿ ಹಿಡಿದವನೇ ಅಲಗನ್ನೂ ಹಿಡಿದಿದ್ದರೆ ಯಾವ ಪ್ರಮಾಣ? ಅವನಿಗೆ ಬೇಕಾದ ಪದಕೋಶವನ್ನೆಲ್ಲ ಗ್ರೇಡಿಂಗ್‌ನವರೇ ಕಟ್ಟಿಕೊಟ್ಟಿದ್ದಾರೆ. ಚೂಪುಮೂಲೆ, ಸಮಾಂತರ ಅಂಚು, ಚಿತ್ರದ ಕೇಂದ್ರೀಯತೆ, ಮೇಲ್ಮೈಯ ನಿರ್ಮಲತೆ. ಇವು ಹಳೆಯ ವಸ್ತುವಿನ ಗುಣಗಳೇ ಅಲ್ಲ. ಯಾರೂ ಮುಟ್ಟದ ವಸ್ತುವಿನ ಗುಣಗಳು.

ಮುಟ್ಟಿದವರು ಮಕ್ಕಳು. ಕಾರ್ಡನ್ನು ಗೋಡೆಗೆ ಚಿಮ್ಮಿ ಪಂದ್ಯ ಕಟ್ಟಿದರು, ರಬ್ಬರ್ ಬ್ಯಾಂಡ್ ಬಿಗಿದು ಜೇಬಿನಲ್ಲಿ ತುರುಕಿಕೊಂಡರು, ಟರ್ ಟರ್ ಸದ್ದಿಗೆಂದು ಸೈಕಲ್ಲಿನ ಕಡ್ಡಿಗಳ ನಡುವೆ ಸಿಕ್ಕಿಸಿದರು. ಅದಕ್ಕೆ ಮೂಲೆ ಸವೆಯಿತು. ಇದನ್ನು ಶಾಸ್ತ್ರದಲ್ಲಿ ದೋಷವೆನ್ನುತ್ತಾರೆ, ಅಂಕ ಕಳೆಯುತ್ತಾರೆ. ಆ ಮಕ್ಕಳಿಗೆ ಆದ ಮೋಸಕ್ಕೆ ಮಾತ್ರ ಯಾವ ಅಂಕಪಟ್ಟಿಯಲ್ಲೂ ಕಲಮಿಲ್ಲ. ಗೌಡಿ ಎಂಬ ಗಮ್ ಕಂಪನಿ 1933ರಲ್ಲಿ 240 ಕಾರ್ಡುಗಳ ಮಾಲೆ ಹೊರಡಿಸಿತು. ಅದರಲ್ಲಿ 106ನೆಯ ಸಂಖ್ಯೆಯನ್ನು ಅಚ್ಚೇ ಹಾಕಲಿಲ್ಲ. ಅದು ಮಹಾ ಆರ್ಥಿಕ ಕುಸಿತದ ಕಾಲ. ಮಾಲೆ ಪೂರ್ತಿಯಾಗಬೇಕೆಂದು ಹುಡುಗರು ಒಂದೊಂದೇ ಸೆಂಟು ಕೊಟ್ಟು, ಇಲ್ಲದ ಕಾರ್ಡಿಗಾಗಿ ಗಮ್ ಕೊಳ್ಳುತ್ತಲೇ ಹೋದರು. ಪತ್ರ ಬರೆದು ದೂರಿದವರಿಗೆ ಮಾತ್ರ 1934ರಲ್ಲಿ ನ್ಯಾಪ್ ಲಾಜ್ವೆ ಎಂಬ ಹಳೆಯ ಆಟಗಾರನ ಕಾರ್ಡನ್ನು ಅಚ್ಚುಹಾಕಿ, ಕಾಗದಕ್ಕೆ ಕ್ಲಿಪ್ಪು ಸಿಕ್ಕಿಸಿ ಅಂಚೆಯಲ್ಲಿ ಕಳಿಸಿದರು. ಇಂದು ಉಳಿದಿರುವ ಲಾಜ್ವೆ ಕಾರ್ಡುಗಳಲ್ಲಿ ಹಲವಕ್ಕೆ ಆ ಕ್ಲಿಪ್ಪಿನ ಗುರುತಿದೆ. ಪಟ್ಟುಹಿಡಿದು ಕೇಳಿದ ಹುಡುಗನೊಬ್ಬನಿಗೆ ಕಂಪನಿ ಉತ್ತರ ಕೊಟ್ಟದ್ದಕ್ಕೆ ಇರುವ ದಾಖಲೆ ಅದು. ಇಷ್ಟು ಗಟ್ಟಿಯಾದ ಪ್ರಮಾಣವನ್ನು ಯಾವ ದೀಪವೂ ಕೊಡಲಾರದು. ಗ್ರೇಡಿಂಗ್‌ನವರು ಅದಕ್ಕೂ ಅಂಕ ಕಳೆಯುತ್ತಾರೆ.

ಟಿ-206 ಎಂಬ ಹೆಸರಿಟ್ಟವನ ಮಾತೂ ಇಲ್ಲಿ ಬರಬೇಕು. ಜೆಫರ್ಸನ್ ಬರ್ಡಿಕ್ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ವಿದ್ಯುತ್ ಉಪಕರಣಗಳ ಕಾರ್ಖಾನೆಯ ಕೆಲಸಗಾರ. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದವು. ಮೂರು ಲಕ್ಷಕ್ಕೂ ಮೇಲ್ಪಟ್ಟು ಮುದ್ರಿತ ತುಣುಕುಗಳನ್ನು ಕೂಡಿಹಾಕಿ, ವರ್ಗೀಕರಿಸಿ, ಎಲ್ಲವನ್ನೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಪುಕ್ಕಟೆಯಾಗಿ ಕೊಟ್ಟ. ಕೊಟ್ಟು ಸುಮ್ಮನಿರದೆ ಅಲ್ಲೇ ಕೂತು ವರ್ಷಗಟ್ಟಲೆ ಆಲ್ಬಮ್ಮುಗಳಿಗೆ ಹಚ್ಚಿದ. 1963ರ ಜನವರಿಯಲ್ಲಿ ಕೆಲಸ ಮುಗಿಸಿ ಆಸ್ಪತ್ರೆ ಸೇರಿದ, ಮಾರ್ಚ್‌ನಲ್ಲಿ ಸತ್ತ. ಹಚ್ಚಿದ್ದು ಯಾವುದರಿಂದ? ಅಂಟಿನಿಂದ. ವ್ಯಾಗ್ನರನನ್ನೂ ಅಂಟಿನಿಂದಲೇ. ಬೆನ್ನಿಗೆ ಅಂಟು ಹತ್ತಿದ ಕಾರ್ಡಿಗೆ ಇಂದಿನ ಆಪ್ತರು ಒಂದಂಕ ಕೊಟ್ಟರೆ ಹೆಚ್ಚು. ಈ ಇಡೀ ಶಾಸ್ತ್ರಕ್ಕೆ ಭಾಷೆ ಕೊಟ್ಟವನನ್ನು ಶಾಸ್ತ್ರವೇ ನಪಾಸು ಮಾಡುತ್ತದೆ.

ವ್ಯಾಗ್ನರ್ ಕಾರ್ಡು ಅಷ್ಟು ಅಪರೂಪವಾದದ್ದು ಅವನೇ ಅದರ ಮುದ್ರಣ ನಿಲ್ಲಿಸಿದ್ದರಿಂದ. ನಿಲ್ಲಿಸಿದ್ದೇಕೆಂಬುದರ ಬಗ್ಗೆ ಎರಡು ಪಂಥಗಳಿವೆ: ಮಕ್ಕಳು ಕಾರ್ಡಿಗಾಗಿ ತಂಬಾಕು ಕೊಳ್ಳಬಾರದೆಂದು ಎನ್ನುವವರು, ಕಾಸು ಕೊಡಲಿಲ್ಲವೆಂದು ಎನ್ನುವವರು. ಸ್ವತಃ ಹೊಗೆಸೊಪ್ಪು ಜಗಿಯುತ್ತಿದ್ದ ಮನುಷ್ಯ. ನಾನು ಮೊದಲ ಪಂಥದವನು, ಆಧಾರ ಕೇಳಬೇಡಿ.

2022ರಲ್ಲಿ ಹರಿದ ವ್ಯಾಗ್ನರ್ ಕಾರ್ಡಿನ ಬರೀ ಅರ್ಧ ಭಾಗ 15 ಲಕ್ಷ ಡಾಲರಿಗೆ ಮಾರಾಟವಾಯಿತು. ಅಷ್ಟು ದುಡ್ಡಿಲ್ಲದ, ಆದರೂ ಅಮೆರಿಕದಲ್ಲಿರುವ ಮಗನೋ ಮಗಳೋ ಊರಿಗೆ ಬರುವಾಗ ಒಂದು ಹಳೆಯ ಕಾರ್ಡು ತರಲೆಂದು ಆಸೆಪಡುವ ಓದುಗರಿಗೆ ಸಲಹೆ: ಮ್ಯಾಂಟಲ್ ಬೇಡ, ವ್ಯಾಗ್ನರ್ ಬೇಡ, ಡಬ್ಬಿ ಬೇಡ. ಯಾರಿಗೂ ನೆನಪಿರದ ಆಟಗಾರನೊಬ್ಬನ ಟಿ-206 ಕಾರ್ಡು, ನಾಲ್ಕೂ ಮೂಲೆ ದುಂಡಗಾದದ್ದು, ನಡುವೆ ಒಂದು ಮಡಿಕೆ ಬಿದ್ದದ್ದು ಕೇಳಿ. ಒಳ್ಳೆಯ ಹೋಟೆಲಿನ ಒಂದು ಊಟದ ಬೆಲೆಗೆ ಸಿಗುತ್ತದೆ, ಅದನ್ನು ನಕಲು ಮಾಡಿದರೆ ಯಾವ ಕಳ್ಳನಿಗೂ ಅಸಲು ಹುಟ್ಟುವುದಿಲ್ಲ.