ತಂಗಳು ಮೀಮಾಂಸೆ: ಶಂಕರಪುರದ ಒಂದು ಅಡುಗೆಮನೆಯನ್ನು ಅನುಲಕ್ಷಿಸಿ

ಅಧ್ಯಾಯ 1: ಅನುಬಂಧ ಚತುಷ್ಟಯ

ಯಾವ ಶಾಸ್ತ್ರ ಹೇಳಹೊರಟರೂ ಮೊದಲು ನಾಲ್ಕು ಸಂಗತಿ ಇತ್ಯರ್ಥವಾಗಬೇಕೆಂದು ಹಿರಿಯರು ಕಟ್ಟು ಮಾಡಿದ್ದಾರೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಈ ಶಾಸ್ತ್ರದ ವಿಷಯ, ನಿನ್ನೆ ಉಳಿದದ್ದು. ಪ್ರಯೋಜನ, ಇಂದು ಕಿಸೆಯಲ್ಲಿ ಉಳಿಯುವುದು. ಇವೆರಡರ ಸಂಬಂಧ ಕಾರ್ಯ-ಕಾರಣ ಭಾವವೆಂದು ಕೆಲವರು, ಪಾತ್ರೆ-ಮುಚ್ಚಳ ಭಾವವೆಂದು ಇನ್ನು ಕೆಲವರು. ಅಧಿಕಾರಿ ಯಾರು ಎಂಬಲ್ಲಿ ಮಾತ್ರ ವಿವಾದವಿಲ್ಲ. ಫ್ರಿಜ್ಜಿನ ಬಾಗಿಲು ತೆರೆದು, ಸ್ಟೀಲಿನ ಡಬ್ಬಿಯೊಂದರ ಮುಚ್ಚಳ ಎತ್ತಿ, ಮೂಸಿ, ಏನೂ ಅರಿಯದವನಂತೆ ಮತ್ತೆ ಒಳಗಿಟ್ಟವನೇ ಅಧಿಕಾರಿ. ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ ಬರುತ್ತದೆ, ಊರಿಗೆ ಊರೇ ಇದರೊಳಗೆ ಬಂದು ಕೂರುತ್ತದೆ ಎಂದು ಯಾರಾದರೂ ಆಕ್ಷೇಪಿಸಿದರೆ, ಅದು ನಮಗೆ ಇಷ್ಟವೇ ಎನ್ನುತ್ತೇವೆ.

ಅಧ್ಯಾಯ 2: ದೇಶ ಮತ್ತು ಮಾನ

ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯ ಶಂಕರಪುರವನ್ನು ಲೋಕ ಮಲ್ಲಿಗೆಯಿಂದ ಬಲ್ಲದು. ನಸುಕಿಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಿಸಿಲೇರುವುದರೊಳಗೆ ಹೂವಿನ ಕಟ್ಟೆಗೆ ಮುಟ್ಟಿಸುವುದು ಇಲ್ಲಿನ ಮನೆಮನೆಯ ಉದ್ಯೋಗ. ಸುಮಾರು 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನವೂ ಬೇರೆ. ಮುಹೂರ್ತದ ದಿನಗಳಲ್ಲಿ ಎರಡು ಸಾವಿರ ದಾಟುವ ಅದೇ ಅಟ್ಟೆ, ಬೇಡಿಕೆ ಬಿದ್ದಾಗ ಇನ್ನೂರು ಮುಟ್ಟಲೂ ಏದುಸಿರು ಬಿಡುತ್ತದೆ. ಬೇರೆ ಊರಿನವರು ಬೆಳಗ್ಗೆ ಹವಾಮಾನ ಕೇಳುತ್ತಾರೆ, ನಾವು ಅಟ್ಟೆ ಕೇಳುತ್ತೇವೆ.

ದೀರ್ಘಕಾಲದ ಅವಲೋಕನದಿಂದ ನಾವು ಕಂಡುಕೊಂಡ ನಿಯಮಕ್ಕೆ ‘ಪುಷ್ಪ-ಪುಷ್ಟಿ ವಿಲೋಮ ನ್ಯಾಯ’ವೆಂದು ಹೆಸರಿಟ್ಟಿದ್ದೇವೆ. ಅದರ ಪ್ರಕಾರ ಅಟ್ಟೆಯ ದರ ಏರಿದಂತೆ ಮನೆಯ ಊಟದ ಪುಷ್ಟಿ ಇಳಿಯುತ್ತದೆ. ದರ ಏರಿದ ದಿನ ಮನೆಗೆ ಬರುವುದು ಪೇಟೆಯ ಬನ್ಸು, ಗೋಲಿಬಜೆ, ಎಣ್ಣೆ ಸೋರುವ ಪೊಟ್ಟಣದ ಕಬಾಬು. ಇನ್ನು ಮಳೆಗಾಲದ ಆಟಿ ತಿಂಗಳು ಬಂದಿತೆನ್ನಿ. ಮದುವೆಯಿಲ್ಲ, ಮುಂಜಿಯಿಲ್ಲ, ಹೂವನ್ನು ಕೇಳುವವರಿಲ್ಲ. ಆಗ ಕುಚ್ಚಲಕ್ಕಿ ಗಂಜಿ, ಬೇಲಿಯ ಬದಿಯ ತಿಮರೆ ಸೊಪ್ಪಿನ ಚಟ್ನಿ, ತಜಂಕು ಸೊಪ್ಪಿನ ಪಲ್ಯ, ಕೆಸುವಿನೆಲೆಯ ಪತ್ರೊಡೆ, ಹುರುಳಿ ಸಾರು. ದೋಣಿ ಕಡಲಿಗಿಳಿದ ದಿನವಾದರೆ ಅಗ್ಗದ ಬೂತಾಯಿ ಮೀನು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ-ಸೊಪ್ಪು, 100 ಗ್ರಾಂ ಹಣ್ಣು ತಿನ್ನಿ, ಅಕ್ಕಿ-ಗೋಧಿಯನ್ನು 250 ಗ್ರಾಮಿಗೆ ನಿಲ್ಲಿಸಿ, ಬೇಳೆ-ಮೀನು-ಮೊಟ್ಟೆ ಸೇರಿ 85 ಗ್ರಾಂ ಇರಲಿ ಎಂದಿದೆ. ನಮ್ಮ ಮನೆ ಈ ಆದೇಶವನ್ನು ಪಾಲಿಸುವುದು ಕೈಯಲ್ಲಿ ಕಾಸಿಲ್ಲದಾಗ ಮಾತ್ರ. ಬಡತನ ಆರೋಗ್ಯಕ್ಕೆ ಒಳ್ಳೆಯದೆಂದು ಇದರ ತಾತ್ಪರ್ಯವಲ್ಲ. ಕಾಸು ಬಂದಾಗ ನಾವು ಮೊದಲು ಕೈಬಿಡುವುದು ಅಗ್ಗವಾದದ್ದನ್ನಲ್ಲ, ಅಗ್ಗವೆಂದು ನೆರೆಯವರಿಗೆ ಗೊತ್ತಿರುವುದನ್ನು. ತಾತ್ಪರ್ಯ ಅಷ್ಟೇ.

ಅಧ್ಯಾಯ 3: ಪೂರ್ವಸೂರಿಗಳ ಸ್ಮರಣೆ

ಈ ಶಾಸ್ತ್ರಕ್ಕೆ ಪರಂಪರೆಯ ಬಲವಿಲ್ಲವೆಂದು ಹೀಗಳೆಯುವವರು ಒಮ್ಮೆ ಪಾಜಕಕ್ಕೆ ಹೋಗಿ ಬರಬೇಕು. ಇಲ್ಲಿಂದ ದೂರವೇನಲ್ಲ. ಮಧ್ವಾಚಾರ್ಯರು ಹುಟ್ಟಿದ ಆ ಮನೆಯಲ್ಲಿ, ಹೆತ್ತವರಿಲ್ಲದ ಹೊತ್ತು ಹಸಿದು ಅಳುತ್ತಿದ್ದ ಮಗುವಿಗೆ ಅಕ್ಕ ದನಗಳಿಗೆಂದು ಬೇಯಿಸಿದ್ದ ಹುರುಳಿ ತಿನ್ನಿಸಿದಳಂತೆ. ಮಗು ಅದನ್ನು ತಿಂದು ಅರಗಿಸಿಕೊಂಡಿತೆಂದು ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ ಹೇಳುತ್ತದೆ. ಮಧ್ವರನ್ನು ವಾಯುವಿನ ಅವತಾರವೆಂದು ನಂಬುವ ಭಕ್ತರು ಇದರಲ್ಲಿ ವಾಯುದೇವರ ಜೀರ್ಣಶಕ್ತಿಯನ್ನು ಕಾಣುತ್ತಾರೆ. ನಮ್ಮ ಶಾಸ್ತ್ರ ವಿನಯಪೂರ್ವಕ ಹುರುಳಿಯನ್ನೂ ಕಾಣುತ್ತದೆ. ನೂರು ಗ್ರಾಮಿನಲ್ಲಿ ಇಪ್ಪತ್ತು ಗ್ರಾಮಿಗೂ ಮಿಕ್ಕಿ ಪ್ರೊಟೀನ್ ಇರುವ ಈ ಕಾಳನ್ನು ದನದ ಬಾಯಿಂದ ಮನುಷ್ಯರ ತಟ್ಟೆಗೆ ದಾಟಿಸಿದ ಆ ಅಕ್ಕನೇ ನಮ್ಮ ಆದ್ಯ ಪ್ರವರ್ತಕಿ. ಅದೇ ಗ್ರಂಥದಲ್ಲಿ ತಂದೆಯ ಸಾಲವನ್ನು ಬಾಲಕ ಹುಣಸೆಬೀಜ ಕೊಟ್ಟು ತೀರಿಸಿದ ಕಥೆಯೂ ಇದೆ. ಹುಳಿಗೆ ಕಿವುಚಿ ಎಸೆಯುವ ಬೀಜದಿಂದ ಸಾಲ ತೀರಿದ ಮೇಲೆ, ಮನೆಖರ್ಚಿನ ಬಗ್ಗೆ ಇನ್ನೇನು ಪ್ರಮಾಣ ಬೇಕು?

ಎರಡನೆಯ ಪೂರ್ವಸೂರಿ ಕ್ರಿಶ್ಚಿಯಾನ್ ಐಕ್‌ಮನ್. ಈ ಡಚ್ ವೈದ್ಯ 1890ರ ದಶಕದಲ್ಲಿ ಜಾವಾದ ಬಟಾವಿಯದಲ್ಲಿ ಬೆರಿಬೆರಿ ರೋಗದ ಬೆನ್ನು ಹತ್ತಿದ್ದ. ಪ್ರಯೋಗದ ಕೋಳಿಗಳಿಗೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನವೇ ಆಹಾರ. ಕೋಳಿಗಳು ಕಾಲು ಸೋತು ಮಲಗಿದವು. ಅಷ್ಟರಲ್ಲಿ ಹೊಸ ಅಡುಗೆಯವನು ಬಂದು, ಮಿಲಿಟರಿಯ ಅನ್ನವನ್ನು ಸಿವಿಲ್ ಕೋಳಿಗೆ ಹಾಕುವುದಿಲ್ಲವೆಂದು ಪಟ್ಟು ಹಿಡಿದ. ಕೋಳಿಗಳಿಗೆ ತೌಡು ತೆಗೆಯದ ಕಡಿಮೆ ಬೆಲೆಯ ಅಕ್ಕಿಯೇ ಗತಿಯಾಯಿತು, ಅವು ಎದ್ದು ಓಡಾಡತೊಡಗಿದವು. ತೌಡಿನಲ್ಲಿ ಏನೋ ಇದೆಯೆಂಬ ಶೋಧ ಅಲ್ಲಿಂದ ಬೆಳೆದು, 1929ರಲ್ಲಿ ಐಕ್‌ಮನ್‌ಗೆ ನೊಬೆಲ್ ಬಂತು. ಅಡುಗೆಯವನಿಗೆ ಏನೂ ಬರಲಿಲ್ಲ. ನಾವು ಕುಚ್ಚಲಕ್ಕಿಗೆಂದು ಭತ್ತವನ್ನು ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕುವುದರಿಂದ ಹೊರಪದರದ ಆ ‘ಏನೋ’, ಅಂದರೆ ಬಿ1 ಜೀವಸತ್ವದ ಪಾಲು, ಅಕ್ಕಿಯೊಳಕ್ಕೇ ಇಳಿದಿರುತ್ತದೆ. ಕುಚ್ಚಲಕ್ಕಿ ಉಂಡಿದ್ದರೆ ಆ ಕೋಳಿಗಳು ಕಾಲು ಸೋಲುತ್ತಿರಲಿಲ್ಲ, ಐಕ್‌ಮನ್ ನೊಬೆಲ್ ಪಡೆಯುತ್ತಿರಲಿಲ್ಲ.

ಅಧ್ಯಾಯ 4: ಶೇಷ ಪಂಚಕ

ಶೇಷವೆಂದರೆ ಮತ್ತೊಂದರ ಸಲುವಾಗಿ ಇರುವುದು ಎಂದು ಮೀಮಾಂಸಕರು ಯಜ್ಞದ ವಿಚಾರದಲ್ಲಿ ಹೇಳಿದರು. ಅದು ಅಡುಗೆಮನೆಗೂ ಸಲ್ಲುತ್ತದೆಂಬುದು ನಮ್ಮ ಮೂಲ ಸಿದ್ಧಾಂತ. ಉಳಿದದ್ದಕ್ಕೆ ಒಬ್ಬ ವಾರಸುದಾರನಿದ್ದರೆ ಅದು ಶೇಷ, ಇಲ್ಲದಿದ್ದರೆ ಕಸ. ಪದಾರ್ಥ ಒಂದೇ, ವಾರಸುದಾರ ಇದ್ದಾನೋ ಇಲ್ಲವೋ ಎಂಬುದರಲ್ಲೇ ಭೇದ. ಶೇಷ ಐದು ವಿಧ.

ಒಂದು, ಸಿಪ್ಪೆ. ಹೀರೆಕಾಯಿಯ ಸಿಪ್ಪೆಗೆ ಉದ್ದಿನಬೇಳೆ, ಒಣಮೆಣಸು, ಹುಣಸೆಹುಳಿ ಸೇರಿಸಿ ಹುರಿದು ತೆಂಗಿನಕಾಯಿಯೊಡನೆ ರುಬ್ಬಿದರೆ ಚಟ್ನಿ. ಕಲ್ಲಂಗಡಿಯ ಕೆಂಪು ತಿಂದ ಮೇಲೆ ಉಳಿಯುವ ಬಿಳಿ ಭಾಗವನ್ನು ಅಕ್ಕಿಯೊಡನೆ ಅರೆದರೆ ದೋಸೆ. ದಾಳಿಂಬೆ ಸಿಪ್ಪೆ ಮಜ್ಜಿಗೆ ಸೇರಿ ತಂಬುಳಿಯಾಗುತ್ತದೆ, ಕೆಟ್ಟ ಹೊಟ್ಟೆಗೆ ಔಷಧವೆಂಬ ಗೌರವವನ್ನೂ ಪಡೆಯುತ್ತದೆ. ಎರಡು, ಬೀಜ. ಬಣ್ಣದ ಸೌತೆಯ ತಿರುಳು-ಬೀಜ ಸಾರಿಗೆ, ಹಲಸಿನ ಬೀಜ ಪಲ್ಯಕ್ಕೆ, ಉಳಿದದ್ದು ಉಪ್ಪಿನಲ್ಲಿ ಬೆಂದು ಒಣಗಿ ಮಳೆಗಾಲದ ಸಾಂತಾಣಿಗೆ.

ಮೂರು, ದಿಂಡು. ಗೊನೆ ಕಡಿದ ಬಾಳೆ ಇಡೀ ಶಾಸ್ತ್ರದ ಪ್ರಾತ್ಯಕ್ಷಿಕೆ. ಎಲೆಯಲ್ಲಿ ಹೂವಿನ ಚೆಂಡು ಸುತ್ತಿ ಕಳಿಸುತ್ತೇವೆ. ಹೊರಪದರ ಒಣಗಿ ನಾರಾಗಿ ಅದೇ ಹೂವನ್ನು ಕಟ್ಟುತ್ತದೆ. ಕೂಂಬೆ, ಎಂದರೆ ಬಾಳೆಹೂವು, ಚಟ್ನಿಯಾಗುತ್ತದೆ. ಕೊನೆಗುಳಿದ ಬೆಳ್ಳನೆಯ ದಿಂಡನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚುವಾಗ ಪ್ರತಿ ಬಿಲ್ಲೆಯ ಬೆನ್ನಿಗೆ ಜೇಡನ ನೂಲಿನಂಥ ಎಳೆ ಎದ್ದುಬರುತ್ತದೆ. ಅದನ್ನು ತೋರುಬೆರಳಿಗೆ ಸುತ್ತಿ ಸುತ್ತಿ ತೆಗೆಯಬೇಕು, ಬಿಲ್ಲೆ ಕಪ್ಪಾಗದಂತೆ ಆಗಲೇ ಮಜ್ಜಿಗೆ ನೀರಿಗೆ ಹಾಕಬೇಕು. ಹೆಚ್ಚಿ ಮುಗಿಯುವಾಗ ಬೆರಳಿಗೊಂದು ನಾರಿನ ಉಂಗುರ ಕೂತಿರುತ್ತದೆ. ಈ ಉಂಗುರಕ್ಕೆ ಇನ್ನೂ ವಾರಸುದಾರ ಸಿಕ್ಕಿಲ್ಲ. ಮುಂದಿನ ಸಂಶೋಧಕರು ಗಮನಿಸಬೇಕು.

ನಾಲ್ಕು, ತೆಳಿ ಮತ್ತು ಕಲಗಚ್ಚು. ಅನ್ನ ಬಸಿದ ತೆಳಿಗೆ ಉಪ್ಪು, ಬೆಳ್ಳುಳ್ಳಿಯ ಒಗ್ಗರಣೆ ಬಿದ್ದರೆ ಮನುಷ್ಯರಿಗೆ, ಅಕ್ಕಿ ತೊಳೆದ ನೀರು ದನಕ್ಕೆ, ಮೀನು ತೊಳೆದ ನೀರು ಮಲ್ಲಿಗೆ ಗಿಡದ ಬುಡಕ್ಕೆ. ಐದು, ತಂಗಳು. ಇದರಲ್ಲಿ ಉತ್ತಮ ಜಾತಿಯದು ಬೂತಾಯಿ ಪುಳಿಮುಂಚಿ. ತೆಂಗಿನಕಾಯಿ ಹಾಕದೆ ಹುಣಸೆ, ಮೆಣಸಿನಲ್ಲೇ ಮಾಡಿದ್ದರಿಂದ ಅದು ಬೇಗ ಹಳಸುವುದಿಲ್ಲ. ಮಣ್ಣಿನ ಗಡಿಗೆಯಲ್ಲಿ ಮರುದಿನ ಇನ್ನೊಮ್ಮೆ ಕುದಿದು ಬತ್ತಿದಾಗಲೇ ಅದಕ್ಕೆ ಪೂರ್ಣ ಜ್ಞಾನ. ಮಟ್ಟು ಗುಳ್ಳದ ಹುಳಿಗೂ ಇದೇ ಗತಿ. ಮಧ್ವ ಪರಂಪರೆಯ ಯತಿ ವಾದಿರಾಜರು ಬೀಜ ಕೊಟ್ಟರೆಂದು ಮಟ್ಟುವಿನವರು ನಂಬುವ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಬದನೆ ಬೇಯುವುದು ಒಂದೇ ದಿನ, ರುಚಿಸುವುದು ಎರಡು ದಿನ.

ಅಧ್ಯಾಯ 5: ಪೂರ್ವಪಕ್ಷ ಮತ್ತು ಖಂಡನೆ

ಫ್ರಿಜ್ಜು ಇರುವಾಗ ಈ ಎಲ್ಲ ವ್ಯವಸ್ಥೆ ಯಾಕೆ ಎಂಬುದು ಪೂರ್ವಪಕ್ಷ. ಖಂಡನೆ ಹೀಗಿದೆ. ಫ್ರಿಜ್ಜು ಉಳಿದದ್ದನ್ನು ಯಾರಿಗೂ ಕೊಡುವುದಿಲ್ಲ, ನಿರ್ಣಯವನ್ನು ಮುಂದೂಡುತ್ತದೆ, ಅಷ್ಟೆ. ಅದರೊಳಗೆ ಹೋದ ಪಲ್ಯ, ಗಸಿ, ಪಾಯಸಗಳು ಕೆಲವೇ ದಿನಗಳಲ್ಲಿ ನಾಮರೂಪ ಕಳೆದುಕೊಂಡು ಒಂದೇ ವಾಸನೆಯಲ್ಲಿ ಲೀನವಾಗುತ್ತವೆ. ಮಧ್ವರ ನಾಡಿನಲ್ಲಿ ಅದ್ವೈತಸಿದ್ಧಿ ನಡೆಯುವ ಏಕೈಕ ಸ್ಥಳವಿದು. ಹಿಂದೆ ಹಟ್ಟಿಯಲ್ಲಿ ದನವಿತ್ತು, ಹಿತ್ತಲಲ್ಲಿ ಕೋಳಿಯಿತ್ತು, ಬೇಲಿಯಾಚೆ ಬಟ್ಟಲು ಒಡ್ಡುವ ನೆರೆಯಿತ್ತು. ಈಗ ಹಾಲು ಪ್ಯಾಕೆಟಿನಲ್ಲಿ, ಕೋಳಿ ಅಂಗಡಿಯಲ್ಲಿ, ನೆರೆಯವರು ಮೊಬೈಲಿನಲ್ಲಿ. ವಾರಸುದಾರರೆಲ್ಲ ಹೋದ ಮನೆಯಲ್ಲಿ ಶೇಷ ಕಸವಾಗದೆ ಇನ್ನೇನಾಗುತ್ತದೆ?

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರಡಿಸಿದ ವರದಿಯಂತೆ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕೆ.ಜಿ. ಆಹಾರ ಪೋಲಾಗುತ್ತದೆ. ಲೋಕದ ಸರಾಸರಿ 79. ನಮ್ಮದು ಕಡಿಮೆಯಲ್ಲವೇ ಎಂದು ಬೀಗುವ ಮೊದಲು ಗುಣಿಸಿ ನೋಡಬೇಕು. ಐದು ಜನರ ಮನೆಗೆ 275 ಕೆ.ಜಿ. ಈ ಲೆಕ್ಕದಲ್ಲಿ ತಿನ್ನಲಾಗದ ಸಿಪ್ಪೆ, ಬೀಜ, ಮೂಳೆಗಳೂ ಸೇರಿವೆ. ಇಲ್ಲಿ ನಮ್ಮದೊಂದು ತಕರಾರಿದೆ: ತಿನ್ನಲಾಗದ್ದು ಯಾವುದೆಂದು ಇತ್ಯರ್ಥ ಮಾಡುವಾಗ ಚಟ್ನಿ ಅರೆಯುವವರನ್ನೂ ಒಂದು ಮಾತು ಕೇಳಬೇಕಿತ್ತು.

ಆದರೂ ಫ್ರಿಜ್ಜನ್ನು ಪೂರ್ತಿ ತಿರಸ್ಕರಿಸಲಾಗದು. ಬಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಣಗಳು ಅನ್ನ ಬೆಂದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನ ಹೊತ್ತುಗಟ್ಟಲೆ ಹೊರಗಿದ್ದರೆ ಅವು ಮೊಳೆತು, ಮತ್ತೆ ಬಿಸಿ ಮಾಡಿದರೂ ಹೋಗದ ವಿಷ ಬಿಡಬಲ್ಲವು. ಅನ್ನ ಉಳಿಯುವ ಸೂಚನೆ ಕಂಡೊಡನೆ ಅಗಲ ತಟ್ಟೆಯಲ್ಲಿ ಹರವಿ, ಆರಿಸಿ, ಒಳಗಿಡಬೇಕು. ಮರುದಿನ ಅದು ದೋಸೆಹಿಟ್ಟಿಗೆ ಸೇರಬಹುದು, ಚಿತ್ರಾನ್ನವಾಗಬಹುದು. ಮೂರನೆಯ ದಿನಕ್ಕೆ ಪುನರ್ಜನ್ಮವಿಲ್ಲ.

ಅಧ್ಯಾಯ 6: ಕಾಣೆಯಾದ ದ್ರವ್ಯದ ಪರೀಕ್ಷೆ

ಸಿದ್ಧಾಂತವನ್ನು ತಕ್ಕಡಿಯಲ್ಲಿಟ್ಟು ನೋಡೋಣವೆಂದು ಪ್ರಬಂಧಕಾರನು ಸ್ವಗೃಹದಲ್ಲಿ ಅಡುಗೆಯಾದದ್ದು, ಬಡಿಸಿದ್ದು, ಬಕೆಟಿಗೆ ಬಿದ್ದದ್ದು, ಡಬ್ಬಿ ಸೇರಿದ್ದು ಎಲ್ಲವನ್ನೂ ತೂಗಿ ಬರೆದಿಟ್ಟನು. ಕೂಡಿಸಿದಾಗ ಲೆಕ್ಕ ತಾಳೆಯಾಗಲಿಲ್ಲ. ಪ್ರತಿದಿನವೂ ಒಂದಿಷ್ಟು ದ್ರವ್ಯ ಕಾಣೆ. ವಿಶೇಷವಾಗಿ ಸೀದ ದೋಸೆ, ನಿನ್ನೆಯ ಅನ್ನ, ಪಲ್ಯದ ತಳ, ಮೀನಿನ ತಲೆ. ಬತ್ತಿಹೋಯಿತೆಂದು ಒಂದು ಪಕ್ಷ, ಬೆಕ್ಕು ಕದ್ದಿತೆಂದು ಇನ್ನೊಂದು. ಬೆಕ್ಕು ಸೀದ ದೋಸೆ ಮುಟ್ಟುವುದಿಲ್ಲವಾದ್ದರಿಂದ ಎರಡನೆಯದು ಬಿತ್ತು. ಪ್ರತ್ಯಕ್ಷ ಪ್ರಮಾಣ ಲಭಿಸಲಿಲ್ಲ, ಏಕೆಂದರೆ ದ್ರವ್ಯ ಕಾಣೆಯಾಗುವ ಹೊತ್ತಿಗೆ ಪ್ರಬಂಧಕಾರನು ಉಂಡು ಮಲಗಿರುತ್ತಾನೆ. ಕೊನೆಗೆ ಆಪ್ತವಾಕ್ಯವೇ ಗತಿಯಾಯಿತು. ಆರನೆಯ ಕ್ಲಾಸಿನ ಮಗಳು ಪಟ್ಟಿಯನ್ನು ಒಮ್ಮೆ ನೋಡಿ, “ಅಪ್ಪಾ, ಇದೆಲ್ಲ ಅಮ್ಮ ತಿಂದದ್ದಲ್ವಾ? ಅಮ್ಮನ ತಟ್ಟೆ ನೀವು ತೂಗಿಯೇ ಇಲ್ಲ” ಎಂದಳು.

ತೂಗಬೇಕಾದರೆ ತಟ್ಟೆ ಇರಬೇಕಲ್ಲ! ಎಲ್ಲರದೂ ಮುಗಿದ ಮೇಲೆ, ಒಲೆಕಟ್ಟೆಗೆ ಒರಗಿ ನಿಂತು, ಪಾತ್ರೆಯಿಂದಲೇ ನಡೆಯುವ ಊಟವದು. ಹೀಗೆ ಶಾಸ್ತ್ರದ ಬುಡವೇ ಅಲ್ಲಾಡಿತು. ದನ, ಕೋಳಿ, ನೆರೆ ಎಂದು ನಾವು ಎಣಿಸಿದ ವಾರಸುದಾರರೆಲ್ಲ ಹೋದ ಮೇಲೂ ಒಬ್ಬಳು ಉಳಿದಿದ್ದಾಳೆ. ನಮ್ಮ ಅಜ್ಜಿಯಂದಿರ ಮನೆಯಲ್ಲಿ ಏನೂ ಪೋಲಾಗುತ್ತಿರಲಿಲ್ಲ ಎಂದು ವೇದಿಕೆ ಹತ್ತಿ ಹೇಳುವವರು, ಅಜ್ಜಿ ಏನು ಉಣ್ಣುತ್ತಿದ್ದಳೆಂದು ಹೇಳುವುದಿಲ್ಲ. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆಯಿತ್ತು. ಅದಕ್ಕೆ ಕಾರಣ ಹಲವು. ಕೊನೆಯಲ್ಲಿ ಉಣ್ಣುವವಳಿಗೆ ಪಾತ್ರೆಯ ತಳದಲ್ಲಿ ಸೊಪ್ಪಿಗಿಂತ ಅನ್ನವೇ ಹೆಚ್ಚು ಸಿಗುತ್ತದೆ ಎಂಬುದನ್ನು ಆ ಪಟ್ಟಿಯಿಂದ ಹೊರಗಿಡಲು ನಮಗೆ ಯಾವ ಆಧಾರವೂ ಸಿಗಲಿಲ್ಲ.

ಅಧ್ಯಾಯ 7: ನಿರ್ಣಯ

ಪರಿಹಾರಕ್ಕೆ ಉಡುಪಿಯನ್ನು ಬಿಟ್ಟು ಬೇರೆಡೆ ಹೋಗಬೇಕಿಲ್ಲ. ಪೇಟೆಯ ಪರಿಣತರು ವಾರದ ಅಡುಗೆಯನ್ನು ಮುಂಚೆಯೇ ಯೋಜಿಸಿ ಎನ್ನುತ್ತಾರೆ. ಅಷ್ಟಮಠಗಳಲ್ಲಿ ಕೃಷ್ಣಪೂಜೆಯ ಸರದಿಯಾದ ಪರ್ಯಾಯದ ಊಟಕ್ಕೆ ಬಾಳೆ ಮುಹೂರ್ತವೆಂದು ತಿಂಗಳುಗಟ್ಟಲೆ ಮೊದಲೇ ಗಿಡ ನೆಟ್ಟು, ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತಗಳ ಮುಹೂರ್ತ ಮಾಡುತ್ತಾರೆ. ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಸರದಿಯನ್ನು ವಾದಿರಾಜರು ಎರಡು ವರ್ಷಕ್ಕೆ ಏರಿಸಿದರು. ನಾವು ಅದನ್ನು ನಮ್ಮ ಅಡುಗೆಮನೆಯ ಮಟ್ಟಿಗೆ ಎರಡು ದಿನಕ್ಕೆ ಇಳಿಸಿ ‘ತಂಗಳು ಪರ್ಯಾಯ’ವನ್ನು ಸ್ಥಾಪಿಸಿದ್ದೇವೆ.

ಅದರ ಸೂತ್ರ ಮೂರು. ಹಳೆಯದು ಮೊದಲು ಬಡಿಸಲ್ಪಡಬೇಕು, ಎಲ್ಲರ ತಟ್ಟೆಗೂ, ಎಲ್ಲರೂ ಕೂತಿರುವಾಗ. ಹಂಚಿದ ಮೇಲೂ ಉಳಿದರೆ ಅದು ಪರ್ಯಾಯ ಪೀಠದಲ್ಲಿರುವವರ ಪಾಲು. ಪೀಠವು ವಯಸ್ಸು, ಲಿಂಗ, ಪದವಿ ನೋಡದೆ ಸರದಿಯಂತೆ ಸಲ್ಲಬೇಕು. ನಾಳೆ ಎಷ್ಟು ಅಕ್ಕಿ ಹಾಕಬೇಕೆಂದು ಇಂದು ತಂಗಳು ಉಂಡವರೇ ಹೇಳಬೇಕು. ಮೂರನೆಯ ಸೂತ್ರ ಜಾರಿಗೆ ಬಂದೊಡನೆ ಅಕ್ಕಿಯ ಅಳತೆ ತಾನಾಗಿ ಇಳಿಯಿತೆಂಬುದನ್ನು ಲೋಕಹಿತಕ್ಕಾಗಿ ದಾಖಲಿಸುತ್ತೇವೆ.

ಪ್ರಥಮ ಪರ್ಯಾಯ ಯಾರದೆಂಬ ಚರ್ಚೆ ಬಂದಾಗ ಹಿರಿತನದ ಆಧಾರದಲ್ಲಿ ನನ್ನ ಅಮ್ಮನ ಹೆಸರು, ಕಿರಿತನದ ಆಧಾರದಲ್ಲಿ ಮಗನ ಹೆಸರು ಸೂಚಿತವಾದವು. ಮನೆಯಾಕೆ ಯಾವುದನ್ನೂ ಖಂಡಿಸಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಬಿಸಿ ಮಾಡಿ ನನ್ನ ಮುಂದಿಟ್ಟು, “ಶಾಸ್ತ್ರ ಬರೆದವರಿಗೇ ಮೊದಲ ಪೂಜೆ. ತೂಗಿ ತಿನ್ನುತ್ತೀರೋ, ತಿಂದು ತೂಗುತ್ತೀರೋ?” ಎಂದಳು.

ಇತಿ ತಂಗಳು ಮೀಮಾಂಸೆಯಲ್ಲಿ ಪ್ರಥಮ ಪರ್ಯಾಯವು ಗುಳ್ಳದ ಹುಳಿಯೊಡನೆ ಸಮಾಪ್ತವು. ದ್ವಿತೀಯ ಪರ್ಯಾಯ ನಾಡಿದ್ದು, ಮಗನದು. ಈಗಲೇ ಆಕ್ಷೇಪಣಾ ಪತ್ರ ಬಂದಿದೆ.