ಪಾಲಿಕಾ ಲೆಕ್ಕಮೀಮಾಂಸೆ: ಅಭಾವ ಪ್ರಕರಣ

1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮವು ನಗರಪಾಲಿಕೆಗಳಿಗೆ ದಯಪಾಲಿಸಿದ ಸ್ಥಾಯಿ ಸಮಿತಿಗಳೊಳಗೆ ತತ್ತ್ವಜಿಜ್ಞಾಸುಗಳ ವಿಶೇಷ ಗೌರವಕ್ಕೆ ಪಾತ್ರವಾದುದು ಲೆಕ್ಕಪತ್ರ ಸಮಿತಿ. ಆದ ಖರ್ಚನ್ನು ಆದ ಮೇಲೆ ನೋಡಿ, ಆಕ್ಷೇಪಣೆ ಎತ್ತಿ, ಅಧಿಕಾರಿಗಳ ಸಮಜಾಯಿಷಿ ಕೇಳಿ, ವರದಿಯನ್ನು ಸಭೆಯ ಮುಂದಿಡುವುದು ಅದರ ನಿತ್ಯಕರ್ಮ. ಸದಸ್ಯರ ಅವಧಿಯಾದರೋ ಒಂದೇ ವರ್ಷವಾದುದರಿಂದ, ಕಾಮಗಾರಿಯ ಅಳತೆ ಬರೆದಿಡುವ ಎಂ.ಬಿ. ಪುಸ್ತಕವನ್ನು ಓದುವ ಬಗೆ ಅಧ್ಯಕ್ಷರಿಗೆ ಹೊಳೆಯುವಷ್ಟರಲ್ಲಿ ಮುಂದಿನ ಮೇಯರ್ ಚುನಾವಣೆ ಬಂದು, ಆ ಜ್ಞಾನವು ಪೂರ್ವಜನ್ಮದ ಸಂಸ್ಕಾರದಂತೆ ಅವರೊಡನೆಯೇ ಹೊರಟುಹೋಗುತ್ತಿತ್ತು.

ಲೆಕ್ಕ ನೋಡುವ ಈ ಶಾಸ್ತ್ರದಲ್ಲಿ ಪ್ರತ್ಯಕ್ಷವು ಅತಿ ದುರ್ಬಲವಾದ ಪ್ರಮಾಣ. ಬೆಂಗಳೂರಿನ ಆರ್.ಟಿ. ನಗರದ ಚರಂಡಿಯೊಂದರ ಹೂಳೆತ್ತಿದ ಬಾಬ್ತು ಬಿಲ್ಲು ಬಂದಿದೆಯೆನ್ನಿ. ಸಮಿತಿಯವರು ಸ್ಥಳ ಪರಿಶೀಲನೆಗೆ ದಯಮಾಡಿಸಿ, ಚಪ್ಪಡಿಯೊಂದನ್ನು ಎತ್ತಿಸಿ ಇಣುಕುತ್ತಾರೆ. ಹೂಳು ಚಪ್ಪಡಿಯ ತಳವನ್ನು ಮುಟ್ಟುವಂತೆ ತುಂಬಿಕೊಂಡು, ಅದರ ಮೇಲೆ ಖಾಲಿ ಹಾಲಿನ ಪ್ಯಾಕೆಟ್ಟೂ ಒಂಟಿ ಹವಾಯಿ ಚಪ್ಪಲಿಯೂ ವಿರಾಜಿಸುತ್ತಿರುತ್ತವೆ. "ಇದು ಎತ್ತಿದ ಮೇಲೆ ಬಂದಿರೋ ಹೂಳು ಸಾರ್" ಎಂದು ಇಂಜಿನಿಯರು ಅರಿಕೆ ಮಾಡುತ್ತಾರೆ. ಇಂಥ ಸಂಕಟದಲ್ಲಿ ಒದಗುವುದು ಮೀಮಾಂಸಕರ ಅರ್ಥಾಪತ್ತಿ. ಅವರ ಮಾಮೂಲಿ ಉದಾಹರಣೆಯಂತೆ, ಹಗಲು ಉಣ್ಣದ ದೇವದತ್ತನು ದಪ್ಪಗಿದ್ದಾನಾದರೆ ಅವನು ರಾತ್ರಿ ಉಣ್ಣುತ್ತಿರಲೇಬೇಕಷ್ಟೆ? ಹಾಗೆಯೇ ಬಿಲ್ಲು ಪುಷ್ಟವಾಗಿದೆ, ಹಗಲಲ್ಲಿ ಕೆಲಸ ನಡೆದುದನ್ನು ಕಂಡವರಿಲ್ಲ. ಆದುದರಿಂದ ಕೆಲಸವು ರಾತ್ರಿ ನಡೆದಿದೆ. ದೇವದತ್ತನು ಉಂಡನೆಂಬುದನ್ನಂತೂ ಯಾವ ಪಂಥವೂ ಅಲ್ಲಗಳೆದಿಲ್ಲ.

ಆದರೆ ಶಾಸ್ತ್ರವು ಪರಿಪಕ್ವವಾದುದು 2020ರ ಸೆಪ್ಟೆಂಬರ್ 10ರ ತರುವಾಯವೇ. ಅಂದು 198 ವಾರ್ಡುಗಳ ಸದಸ್ಯರ ಅವಧಿ ತೀರಿ, ಸಮಿತಿಗಳೂ ಅಸ್ತಂಗತವಾಗಿ, ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸಭೆಯ ಅಧಿಕಾರವೆಲ್ಲವೂ ಒಬ್ಬ ಆಡಳಿತಾಧಿಕಾರಿಯಲ್ಲಿ ಐಕ್ಯವಾಯಿತು. ಕೇಳುವವನು ಬೇರೆ, ಹೇಳುವವನು ಬೇರೆಯೆಂಬ ದ್ವೈತಭ್ರಾಂತಿ ಅಳಿಯಿತು. ಮುಂದೆ ಆ ಪಾಲಿಕೆಯು ಬದುಕಿದ್ದ ಸುಮಾರು ಐದು ವರ್ಷಗಳಲ್ಲಿ ಲೆಕ್ಕಪತ್ರ ಸಮಿತಿಯಿಂದ ಒಂದಾದರೂ ಆಕ್ಷೇಪಣೆ ಹೊರಡಲಿಲ್ಲವಾಗಿ, ಯಲಹಂಕದಿಂದ ಯಶವಂತಪುರದವರೆಗಿನ ಸಮಸ್ತ ಕಾಮಗಾರಿಗಳೂ ನಿರ್ದುಷ್ಟವೆಂದು ಕಾಣದಿರುವುದೇ ಇಲ್ಲವೆಂಬುದಕ್ಕೆ ಸಾಕ್ಷಿಯೆನ್ನುವ ಅನುಪಲಬ್ಧಿ ಪ್ರಮಾಣದಿಂದ ಸಿದ್ಧವಾಗುತ್ತದೆ. (ಸಮಿತಿ ಇದ್ದಾಗ ಇಷ್ಟು ಶುದ್ಧವಾದ ಫಲಿತಾಂಶವು ದೊರೆತಿರಲಿಲ್ಲವೆಂಬುದನ್ನು ಪೌರತಂತ್ರದ ಅಭಿಮಾನಿಗಳು ಗಮನಿಸಬೇಕು.)

2025ರ ಸೆಪ್ಟೆಂಬರ್ 2ರಂದು ಆ ಒಂದು ಪಾಲಿಕೆಯ ಜಾಗದಲ್ಲಿ ಐದು ಅವತರಿಸಿ, ಯಲಹಂಕವು ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸಂದಿತು. ಐದಕ್ಕೂ ಹುಟ್ಟುವಾಗ ಚುನಾಯಿತ ಸಭೆ ಇರಲಿಲ್ಲವಾದುದರಿಂದ, ಒಂದಾಗಿದ್ದ ಅಭಾವವು ಐದಾಯಿತು, ವಿಕೇಂದ್ರೀಕರಣವೆಂದರೆ ಇದೇ. ಈ ಅಭಾವದ ಜಾತಿ ಯಾವುದೆಂಬಲ್ಲಿ ಮಾತ್ರ ವಿವಾದವುಂಟು. ಇದು ಹುಟ್ಟಲಿರುವ ಸಮಿತಿಯ ಪ್ರಾಗಭಾವ, ನೈಯಾಯಿಕರ ಪ್ರಕಾರ ಅದಕ್ಕೆ ಆದಿಯಿಲ್ಲದಿದ್ದರೂ ಅಂತ್ಯವಿದೆ, ಚುನಾವಣೆಯಾದೊಡನೆ ಕಳೆಯುತ್ತದೆ ಎಂದು ಕಚೇರಿಯ ಸಿದ್ಧಾಂತ. ಅಲ್ಲ, ಇದು ಸತ್ತ ಸಮಿತಿಯ ಪ್ರಧ್ವಂಸಾಭಾವ, ಅದಕ್ಕೆ ಆದಿಯುಂಟು, ಅಂತ್ಯವಿಲ್ಲ ಎನ್ನುವ ತೆರಿಗೆದಾರರ ಪಕ್ಷವು, ಆದಿಗೆ ಪ್ರಮಾಣವಾಗಿ 2020ರ ಸೆಪ್ಟೆಂಬರ್ 10ರ ತಾರೀಖನ್ನೇ ತೋರಿಸುತ್ತದೆ.